ಕುಳ್ಳಯ್ಯನ ಮನೆಯ ಸಂಜೆಗಂಜಿ

ಭೇರ್ಯದ ಕುಳ್ಳಯ್ಯನ ಮಕ್ಕಳಿಬ್ಬರೂ ಸಂಜೆಯ ಗಂಜಿಗೆ ಬಾಯಿ ತೆರೆಯುತ್ತಿರಲಿಲ್ಲ. ಹೆಂಡತಿ ಹೆರಿಗೆಗೆಂದು ತೌರಿಗೆ ಹೋಗಿದ್ದಳು. ರಾತ್ರಿ ಮುದ್ದೆ ಉಂಡು ಮಲಗಿದ ಮಕ್ಕಳಿಗೆ ಹೊಟ್ಟೆನೋವು ಬಂದಾಗ ಪಂಡಿತರು, ಇನ್ನು ಸಂಜೆಗೆ ಹೆಸರುಬೇಳೆ ಹಾಕಿದ ನುಚ್ಚಿನ ಗಂಜಿ ಸಾಕು ಎಂದಿದ್ದರು. ದೈವಭಕ್ತ ಕುಳ್ಳಯ್ಯ ಮಡಕೆ ಇಳಿಸಿದವನೇ ದೇವರಿಗೆ ಎಡೆ ಇಟ್ಟು, ಆಮೇಲೆ ಮಕ್ಕಳಿಗೆ ಬಡಿಸುತ್ತಿದ್ದ. ತಾನು ಮಧ್ಯಾಹ್ನದ ತಂಗಳು ಮುದ್ದೆಯನ್ನೇ ಹಸಿಮೆಣಸಿನಕಾಯಿ ಕಚ್ಚಿಕೊಂಡು ಮುಗಿಸುತ್ತಿದ್ದ. ಮಕ್ಕಳೋ ಒಂದು ತುತ್ತಿಗೇ ಜಾಗಟೆ ಕೇಳಿದ ಕರುಗಳಂತೆ ಹಿಂದೆ ಸರಿಯುತ್ತಿದ್ದವು. ಯಾಕೆಂದು ಕೇಳಿದರೆ ಅಂಗಳಕ್ಕೆ ಓಡುತ್ತಿದ್ದವು.

ಅಂದು ಬೆಳಿಗ್ಗೆ ಸುದ್ದಿ ಬಂತು. ಹುಣಸೂರು ಕಡೆಗೆ ಕೊಟ್ಟಿದ್ದ ಅಕ್ಕ ಚಿಕ್ಕಬೀರಮ್ಮ ಸಂಜೆಗೆ ಬರುತ್ತಾಳೆ; ಮಕ್ಕಳು ಉಣ್ಣದಿದ್ದರೆ ಅದೇ ಗಾಡಿಯಲ್ಲಿ ಕರೆದೊಯ್ಯುತ್ತಾಳೆ. ಕುಳ್ಳಯ್ಯ ಮಕ್ಕಳ ಮುಖ ನೋಡಿದ. ಮಕ್ಕಳಿಲ್ಲದ ಮನೆಗೆ ಹೊಲದಿಂದ ಮರಳುವುದಾದರೂ ಯಾಕೆ?

ಪಕ್ಕದ ಮನೆಯ ತಿಮ್ಮಮ್ಮ, ಮಕ್ಕಳನ್ನು ಓಡಾಡಿಸಿದರೆ ಹಸಿವು ತಾನೇ ಬರುತ್ತದೆ ಎಂದಳು. ಕೆರೆ ಏರಿಗೆ ಓಡಿಸಿದ. ಅವು ಬೇಲಿಯ ಕಾರೆಹಣ್ಣು ತಿಂದು, ಹೊಟ್ಟೆ ನಗಾರಿ ಮಾಡಿಕೊಂಡು ಬಂದವು.

ಎದುರುಮನೆಯ ಮಂಟಯ್ಯ ನಕ್ಕ. "ಬ್ಯಾಡ ಅಂದ್ರೆ ಬೇಕು ಅಂತವೆ ಕಣ್ಲಾ. ನೆಲುವಿನ ಮ್ಯಾಲಿಟ್ಟು, ಮುಟ್ಟಬ್ಯಾಡಿ ಅಂತ ಯೋಳು."

ಸೂರಿನಿಂದ ಇಳಿಬಿದ್ದ ನೆಲುವಿನಲ್ಲಿ ಗಂಜಿಯ ಮಡಕೆ ಕೂತಿತು. ದೊಡ್ಡವರಿಬ್ಬರೂ ಬಾಗಿಲ ಮರೆಯಿಂದ ಇಣುಕುತ್ತ ನಿಂತರು. ಮಗಳು ನಿಂಗಿ ಒರಳುಕಲ್ಲು ಹತ್ತಿದಳು. ತಮ್ಮ ಕರಿಯ ಅವಳ ಹೆಗಲೇರಿದ. ಬೆರಳದ್ದಿ ನೆಕ್ಕಿ, ಮುಖ ಹಿಂಡಿ, ಮುಚ್ಚಳವನ್ನು ಮೊದಲಿನಂತೆಯೇ ಜೋಪಾನವಾಗಿ ಮುಚ್ಚಿದ. ಇಳಿಯುವಾಗ ಮಾತ್ರ ನೆಲುವಿನ ಹಗ್ಗ ಹಿಡಿದ. ಹಿಡಿಯಲು ಓಡಿದ ಮಂಟಯ್ಯನ ತಲೆಗೆ ಗಂಜಿಯ ಅಭಿಷೇಕವಾಯಿತು.

ಮತ್ತೆ ಒಲೆ ಹೊತ್ತಿಸಿ ಗಂಜಿ ಇಳಿಸುವಷ್ಟರಲ್ಲಿ ಎತ್ತಿನ ಗೆಜ್ಜೆ ಕೇಳಿಸಿತು. ಅಕ್ಕ ಕಾಲು ತೊಳೆದು ನೇರ ಒಳಗೆ ಬಂದಳು. ಕುಳ್ಳಯ್ಯ ಎಡೆ ಇಟ್ಟು, ಎಂದಿಗಿಂತ ಹೆಚ್ಚು ಹೊತ್ತು ಕಣ್ಣುಮುಚ್ಚಿ ನಿಂತ. ಕಣ್ಣು ಬಿಟ್ಟಾಗ ಅಕ್ಕ ಬಡಿಸುತ್ತಿದ್ದಳು. ಮಕ್ಕಳು ಒಂದು ತುತ್ತು ತಿಂದು ಮುಖ ಮುಖ ನೋಡಿಕೊಂಡವು. ಆಮೇಲೆ ತಟ್ಟೆ ಬರಿದಾಯಿತು. ಇನ್ನೊಸಿ ಬೇಕೆಂದವು. ಕುಳ್ಳಯ್ಯನ ಕಣ್ಣು ತೇವವಾಯಿತು. ದೇವರು ಕೊನೆಗೂ ಕೇಳಿಸಿಕೊಂಡ.

"ಅತ್ತೆ, ಇವತ್ತು ಉಪ್ಪದೆ," ಎಂದ ಕರಿಯ.

ಅಕ್ಕ ತಮ್ಮನ ಕಡೆ ತಿರುಗಿದಳು. "ಮುದ್ದೆಯಂಗೆ ಉಪ್ಪಿಲ್ದೇ ಬೇಯ್ಸಿದ್ದೆ, ಎಡೆ ಆದ್ಮ್ಯಾಕೆ ನಾನೇ ರುಚಿ ನೋಡಿ ಆಕ್ದೆ. ಒಂದಿನಾನಾದ್ರೂ ಬಾಯಿಗಿಟ್ಟು ನೋಡಿದ್ಯೇನ್ಲಾ?"

"ಎಡೆಗೆ ಮುಂಚೆ ರುಚಿ ನೋಡಂಗಿಲ್ವಲ್ಲಕ್ಕ."

"ಆಮೇಲೆ?"

"ಮಕ್ಳ ಪಾಲು ಕಮ್ಮಿಯಾಯ್ತದೆ ಅಂತ..."

ಕಿವಿಯಿಂದ ನುಚ್ಚು ತೆಗೆಯುತ್ತಿದ್ದ ಮಂಟಯ್ಯ, "ಇಷ್ಟು ದಿನ ದೇವ್ರು ಎಂಗೆ ಉಂಡನೋ," ಎಂದು ಗೊಣಗಿದ.

ಮಕ್ಕಳು ಇಲ್ಲೇ ಇರಲಿ ಎಂದಳು ಅಕ್ಕ. ಕುಳ್ಳಯ್ಯ ತನ್ನ ಊಟಕ್ಕೆ ಕೈಹಾಕಿದ. ಅಷ್ಟರಲ್ಲಿ ಅವಳ ದೃಷ್ಟಿ ಅವನ ತಂಗಳು ಮುದ್ದೆಯ ಮೇಲೆ ಬಿತ್ತು. ಬಳಿಕ ಅವನ ಬಡಕಲು ತೋಳಿನ ಮೇಲೆ.

"ಇಂಗೆ ಉಂಡು ಎಷ್ಟು ದಿನ ಬಾಳೀಯೆ? ಅಡಿಗೆಗೆ ನಾನಿದೀನಿ. ನಿಂಗೂ ಗಂಜಿನೇ ಇನ್ಮ್ಯಾಲೆ. ಒಂದು ಅಗುಳು ಬುಟ್ರೂ ನಿನ್ನೇ ಗಾಡಿಗಾಕ್ಕೊಂಡು ಓಯ್ತೀನಿ."

ಯಾವುದಕ್ಕೂ ಇರಲಿ ಎಂದು ಅಕ್ಕ ತಂದಿದ್ದ ಹಾಸಿಗೆ, ಪೆಟ್ಟಿಗೆಯನ್ನು ಗಾಡಿಯವನು ಇಳಿಸಿದ. ಕುಳ್ಳಯ್ಯ ತಟ್ಟೆಯ ಮುಂದೆ ಕೂತ. ಅಪ್ಪನನ್ನು ಕಳೆದುಕೊಳ್ಳಲು ಮನಸ್ಸಿಲ್ಲದ ಮಕ್ಕಳಿಬ್ಬರೂ ಎಡಬಲಕ್ಕೆ ಕೂತು, ಒಂದೊಂದು ತುತ್ತನ್ನೂ ಕಾವಲು ಕಾಯತೊಡಗಿದವು.