ಬುಧವಾರದ ಹೋಳಿಗೆ

ಅಡಿವೆಪ್ಪ ಕೆಲಸ ಮಾಡುವ ವಿಶ್ವವಿದ್ಯಾಲಯದ ವಾಲಿಬಾಲ್ ತಂಡ ಈ ವರ್ಷ ಲಂಡನ್ ಲೀಗ್ ಬಿಟ್ಟು ರಾಷ್ಟ್ರೀಯ ಲೀಗಿಗೆ ಸೇರಿತು. ಕುಲಪತಿಗಳಿಗೆ ಹೆಮ್ಮೆ, ಪ್ರಚಾರ ವಿಭಾಗಕ್ಕೆ ಹಬ್ಬ, ಹುಡುಗಿಯರಿಗೆ ಹೊಸ ಜರ್ಸಿ. ತಂಡವನ್ನು ಊರೂರಿಗೆ ಕರೆದೊಯ್ಯುವ ಅಡಿವೆಪ್ಪನ ಪಾಲಿಗೆ ಬಂದದ್ದು ಸೊಂಟನೋವು.

ಮೊದಲಾದರೆ ಪಂದ್ಯಗಳೆಲ್ಲ ಟ್ಯೂಬ್ ರೈಲು ಹಿಡಿದು ಹೋಗುವಷ್ಟು ದೂರ. ಬುಧವಾರ ಆಟ ಬೇಗ ಮುಗಿಸಿ, ಎಜ್‌ವೇರಿನ ಮನೆಯ ಸೋಫಾದ ಮೇಲೆ ಒರಗಿ ಚಹಾ ಕೇಳುತ್ತಿದ್ದ. ಈಗ ಬುಧವಾರ ಬಂತೆಂದರೆ ನ್ಯೂಕಾಸಲ್, ಪ್ಲಿಮತ್ ಎಂದು ಮಿನಿಬಸ್ಸಿನಲ್ಲಿ ಇಡೀ ದಿನ ಕುಲುಕಾಟ, ಬಾಯಿಗೆ ತಣ್ಣನೆಯ ಸ್ಯಾಂಡ್‌ವಿಚ್.

ಇವತ್ತು ಕೊನೆಯ ಪಂದ್ಯ, ಇಲ್ಲೇ ಲಂಡನ್ನಿನಲ್ಲಿ. ಸೋತರೆ ತಂಡ ಮತ್ತೆ ಹಳೆಯ ಲೀಗಿಗೆ ಇಳಿಯುತ್ತದೆ. ಅಡಿವೆಪ್ಪ ಬೆಳಿಗ್ಗೆಯೇ ಹೆಂಡತಿ ನಾಗವ್ವನ ಮುಂದೆ ಗುಟ್ಟು ಬಿಚ್ಚಿದ.

"ನಮ್ಮ ಹುಡುಗ್ಯಾರಿಗೆ ಆಟದ ಮುಂದ ಹೊಟ್ಟಿ ಬಿರಿಯೋ ಹಂಗ ಹೋಳಿಗಿ ಉಣ್ಣಿಸಿಬಿಡು. ತುಪ್ಪ ಧಾರಾಳ ಹಾಕು. ಆಮ್ಯಾಲ ಅವರು ಎಲ್ಲಿ ಹಾರ್ತಾರ, ತೂಕಡಸ್ತಾರ."

ನಾಗವ್ವ ಕೂಡಲೇ ಹೂರಣ ರುಬ್ಬಲು ಕೂತಳು. ಇಷ್ಟು ಸುಲಭಕ್ಕೆ ಒಪ್ಪಿದಳಲ್ಲ ಎಂದು ಅಡಿವೆಪ್ಪನಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು.

ಮಧ್ಯಾಹ್ನ ಗಂಡಹೆಂಡಿರು ಡಬ್ಬಿಗಳನ್ನು ಹೊತ್ತು ಕ್ರೀಡಾಂಗಣ ಮುಟ್ಟಿದರು. ಅಷ್ಟರಲ್ಲಿ ಮೇಲಧಿಕಾರಿ ಭಾರ್ಗವ ಬಂದು, ಬ್ಯಾನರ್ ಸೊಟ್ಟಗಿದೆಯೆಂದು ಅಡಿವೆಪ್ಪನನ್ನು ಏಣಿ ಹತ್ತಿಸಿದ. ಹತ್ತಿಸಿದ ಮೇಲೆ ಎಡಕ್ಕೆ ಎಳೆ, ಬಲಕ್ಕೆ ಎಳೆ ಎಂದು ಜೀವ ತಿಂದ. ಅಂತೂ ಇಳಿದು ಓಡಿ ಬಂದರೆ, ಊಟದ ಕೋಣೆಯ ಬಾಗಿಲಲ್ಲಿ ನಾಯಕಿ ಸಿರಿಶಾ ಮುಖ ಊದಿಸಿಕೊಂಡು ನಿಂತಿದ್ದಳು.

"ಅಂಕಲ್, ಆಂಟಿ ನಮಗೆ ಬರೀ ಬಾಳೆಹಣ್ಣು ಕೊಟ್ಟಿದ್ದಾರೆ. ವೆರಿ ಅನ್‌ಫೇರ್."

ಒಳಗೆ ನ್ಯೂಕಾಸಲ್ಲಿನ ಎದುರಾಳಿ ಹುಡುಗಿಯರು ಸಾಲಾಗಿ ಕೂತಿದ್ದರು. ನಸುಕಿನಿಂದ ಬಸ್ಸಿನಲ್ಲಿದ್ದವರಿಗೆ ಹಸಿವೋ ಹಸಿವು. ನಾಗವ್ವ ಬೇಡವೆಂದವರ ತಟ್ಟೆಗೂ ಮತ್ತೊಂದು ಹೋಳಿಗೆ ಜಾರಿಸಿ, ಮೇಲೆ ತುಪ್ಪ ಸುರಿಯುತ್ತಿದ್ದಳು. ಮನೆಗೆ ಬಂದವರು ಮೊದಲು ಉಣ್ಣಬೇಕಲ್ಲ ಎಂದು ಗಂಡನಿಗೇ ಬುದ್ಧಿ ಹೇಳಿದಳು. ಡಬ್ಬಿಗಳು ಆಗಲೇ ಖಾಲಿಯಾಗಿದ್ದವು.

ಮುಂದಿನದನ್ನು ಅಡಿವೆಪ್ಪ ನೋಡಲಾರದೆ ನೋಡಿದ. ನ್ಯೂಕಾಸಲ್ಲಿನವರು ಹಾರುವುದಿರಲಿ, ಬಗ್ಗುವುದಕ್ಕೂ ಏದುಸಿರು ಬಿಟ್ಟರು. ಹಸಿದ ಸಿರಿಶಾ ಸಿಟ್ಟನ್ನೆಲ್ಲ ಚೆಂಡಿನ ಮೇಲೆ ತೀರಿಸಿಕೊಂಡಳು. ಗೆದ್ದ ತಂಡ ರಾಷ್ಟ್ರೀಯ ಲೀಗಿನಲ್ಲೇ ಉಳಿಯಿತು. ಭಾರ್ಗವ ಬಂದು ಅಡಿವೆಪ್ಪನನ್ನು ತಬ್ಬಿಕೊಂಡ.

ಮನೆಗೆ ಮರಳುವಾಗ ಟ್ಯೂಬಿನಲ್ಲಿ ಅಡಿವೆಪ್ಪನಿಗೆ ಅಳುವೇ ಬಂತು. "ನಿನ್ನ ಅತಿಥಿ ಸತ್ಕಾರ ನನ್ನ ಬುಧವಾರ ನುಂಗಿಹಾಕ್ತು ನೋಡು."

"ಸತ್ಕಾರ ಎಲ್ಲೀದ್ರಿ?" ನಾಗವ್ವ ಖಾಲಿ ಡಬ್ಬಿಗಳನ್ನು ತೊಡೆಯ ಮೇಲೆ ಸರಿಯಾಗಿ ಜೋಡಿಸಿಕೊಂಡಳು. "ವಾರದಾಗ ಅದೊಂದು ದಿನ ಚಹಾ ತಾ, ನೀರು ತಾ ಅನ್ನೋರು ಮನಿಯಾಗ ಇರಂಗಿಲ್ಲ. ಅದನ್ನ ಕಳಕೊಳ್ಳಾಕ ನನಗ ಹುಚ್ಚ ಹಿಡದೈತೇನು?"

ನಾಗವ್ವ ಸ್ವಲ್ಪ ಹತ್ತಿರ ಸರಿದು, ಬಹಳ ಅಕ್ಕರೆಯಿಂದ ವಿಚಾರಿಸಿದಳು:

"ಬರೋ ವರ್ಷ ಸ್ಕಾಟ್ಲೆಂಡಿಗೂ ಹೋಗೋದೈತಂತಲ್ರಿ. ರಾತ್ರಿ ಅಲ್ಲೇ ಉಳಸ್ಕೋತಾರೇನು?"