ಆಯುಧಪೂಜೆಯ ದಿನ ನಿಂತ ಲೆಕ್ಕ

ನನ್ನ ಸಂಶೋಧನೆ ಏನೆಂದು ಇನ್ನು ಯಾರಿಗೂ ಹೇಳಬಾರದು ಎಂದು ಪ್ರತಿಸಲ ತೀರ್ಮಾನಿಸುತ್ತೇನೆ. ಯಾರಾದರೂ ಕೇಳುತ್ತಾರೆ, ಹೇಳಿಬಿಡುತ್ತೇನೆ, ಆಮೇಲೆ ಅನುಭವಿಸುತ್ತೇನೆ.

ವಿಷಯ ಇಷ್ಟೇ. ಕೆಲವು ಜಾತಿಯ ಪರಮಾಣುಗಳನ್ನು ಊಹೆಗೂ ಮೀರಿ ತಣ್ಣಗೆ ಮಾಡಿ, ಬೆಳಕಿನಿಂದಲೇ ಒತ್ತಿ ಒಂದೇ ಪದರಕ್ಕೆ ಇಳಿಸಿದರೆ, ಅವು ಎರಡೆರಡಾಗಿ ಜೋಡಿ ಕಟ್ಟಿಕೊಂಡು ಒಂಚೂರೂ ತಡೆಯಿಲ್ಲದೆ ಹರಿಯುತ್ತವೆ. ಎಷ್ಟು ತಣ್ಣಗಾದರೆ ಹಾಗೆ ಹರಿಯುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಪ್ರಬಂಧ ಮುಗಿಸಲೆಂದು ಪಾಂಡವಪುರದ ನಮ್ಮ ಮನೆಗೆ ಬಂದಿದ್ದೆ. ದೀಪಾವಳಿಯೊಳಗೆ ಒಪ್ಪಿಸದಿದ್ದರೆ ನಾಲ್ಕು ವರ್ಷದ ದುಡಿಮೆ ನೀರುಪಾಲಾಗುತ್ತಿತ್ತು.

ನಿಲ್ಲಿಸುವುದು ಹೇಗೆ

ರೈಲ್ವೆ ಸ್ಟೇಷನ್ನಿನಿಂದ ಊರಿಗೆ ಬರುವಾಗ ಆಟೋದವನು ಏನು ಓದುತ್ತೀಯ ಎಂದು ಕೇಳಿದ. ಹೇಳಿದೆ. ರಸ್ತೆಯ ಎರಡು ಹಂಪು ದಾಟುವವರೆಗೆ ಯೋಚಿಸಿದ.

"ತಡೆನೇ ಇಲ್ಲ ಅಂತೀಯ. ಅಂಗಾರೆ ನಿಲ್ಸೋದೆಂಗವ್ವ?"

"ನಿಲ್ಲಲ್ಲ ಕಣಣ್ಣ. ಉಂಗುರದಂಗೆ ಸುತ್ತಾಕೆ ಬುಟ್ರೆ ಸುತ್ತುತ್ತಾನೇ ಇರ್ತದೆ."

"ಓ, ನಾನು ಖಾತೆ ಬದಲಾವಣೆಗೆ ಕೊಟ್ಟಿರೋ ಅರ್ಜಿ ಇದ್ದಂಗೆ ಅನ್ನು. ಟೇಬಲ್ಲಿಂದ ಟೇಬಲ್ಲಿಗೆ ಸುತ್ತುತ್ತಾನೇ ಅದೆ."

ನಾಲ್ಕು ವರ್ಷದಲ್ಲಿ ನನ್ನ ವಿಷಯವನ್ನು ಅಷ್ಟು ಬೇಗ ಅರ್ಥಮಾಡಿಕೊಂಡವನು ಅವನೊಬ್ಬನೇ.

ಕಣ್ಣಿಗೆ ಕಾಣದ್ದು

ನಾಗಮಂಗಲದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಹುಡುಗನ ಸೋದರಮಾವ ಉಪ್ಪಿಟ್ಟಿನ ತಟ್ಟೆ ಹಿಡಿದೇ ವಿಚಾರಣೆ ಶುರುಮಾಡಿದರು.

"ಆ ಪರಮಾಣು ಎಲ್ಲಿ ಅವೆ?"

"ಬೇರೆ ದೇಶದ ಲ್ಯಾಬಲ್ಲಿ. ನಂದು ಲೆಕ್ಕ ಮಾತ್ರ."

"ಒಂದ್ಸಲಾನಾದ್ರೂ ನೋಡಿದ್ದೀಯಾ?"

"ಇಲ್ಲ."

ಹುಡುಗ ಒಪ್ಪಿದ, ನಾನು ಒಪ್ಪಲಿಲ್ಲ. ವಾರ ಬಿಟ್ಟು ಸೋದರಮಾವ ಅಪ್ಪನಿಗೆ ಫೋನು ಮಾಡಿದರು. ಸಿಟ್ಟೇನೂ ಇರಲಿಲ್ಲವಂತೆ.

"ಅಲ್ಲ ಆಚಾರ್ರೇ, ಕಣ್ಗೇ ಕಾಣ್ದಿರೋವನ್ನ ಜೋಡಿ ಮಾಡ್ತಾ ನಾಕು ವರ್ಸ ಕಳುದವ್ಳೆ. ನಮ್ ಹುಡ್ಗ ಎದುರ್ಗೇ ಕೂತಿದ್ನಲ್ಲ."

ರಜ

ಅಪ್ಪ ಅಕ್ಕಸಾಲಿ. ಮನೆಯಲ್ಲಿ ಇನ್ವರ್ಟರ್ ಇರುವುದು ಅಪ್ಪನ ಕೆಲಸದ ಕೋಣೆಗೆ ಮಾತ್ರ, ಹಾಗಾಗಿ ನನ್ನ ಕಂಪ್ಯೂಟರೂ ಅಲ್ಲೇ. ಪ್ರಬಂಧದ ಕೊನೆಯ ಅಧ್ಯಾಯದ ಲೆಕ್ಕ ಹನ್ನೊಂದು ದಿನದಿಂದ ಬಿಡುವಿಲ್ಲದೆ ಓಡುತ್ತಿತ್ತು. ನಡುವೆ ನಿಂತರೆ ಮತ್ತೆ ಮೊದಲಿನಿಂದ ಓಡಿಸಬೇಕು. ಆಯುಧಪೂಜೆಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡಿದರೆ ಕಂಪ್ಯೂಟರು ಆಫ್. ಸುತ್ತಿಗೆ, ಇಕ್ಕಳ, ತಕ್ಕಡಿಗಳ ಸಾಲಿನಲ್ಲಿ ಅದೂ ಕುಂಕುಮ ಇಟ್ಟುಕೊಂಡು, ಸೇವಂತಿಗೆ ಹಾರ ಹಾಕಿಕೊಂಡು ಕೂತಿತ್ತು.

"ಅಪ್ಪ, ಏನ್ ಮಾಡ್ಬುಟ್ಟೆ?"

"ಇವತ್ತು ಯಾವ ಆಯುಧಾನೂ ಕೆಲ್ಸ ಮಾಡಂಗಿಲ್ಲ ಕಣ್ ಮಗ. ಸುತ್ಗೆಗೇ ರಜ ಕೊಟ್ಟಿವ್ನಿ, ಇದೇನ್ ಪಾಪ ಮಾಡಿತ್ತು? ಅನ್ನೊಂದು ದಿನದಿಂದ ಉಸ್ ಉಸ್ ಅಂತಿತ್ತು."

ನಾನು ನೆಲದ ಮೇಲೆ ಕೂತು ಅತ್ತೆ. ನಗೆಬರಹಕ್ಕೆ ಸೇರಿಸುತ್ತಿರುವ ಮಾತಲ್ಲ, ನಿಜವಾಗಿಯೂ ಅತ್ತೆ. ಅಮ್ಮ ಮಾಡಿದ ಒಬ್ಬಟ್ಟು ಮುಟ್ಟಲಿಲ್ಲ.

ಮಾರನೇ ದಿನ ಮತ್ತೆ ಶುರುಮಾಡಬೇಕಲ್ಲ, ಮೊದಲ ಸಾಲಿನಿಂದ ಓದಿಕೊಂಡು ಬಂದೆ. ಒಂದೇ ಪದರವಾದ್ದರಿಂದ ಎರಡು ಆಯಾಮ ಎಂದು ಕೊಡಬೇಕಾದ ಕಡೆ ಮೂರು ಎಂದು ಕೊಟ್ಟಿದ್ದೆ. ನಿಲ್ಲಿಸದಿದ್ದರೆ ಇನ್ನೂ ಎರಡು ವಾರ ಓಡಿ, ತಪ್ಪು ಉತ್ತರವನ್ನು ಬಹಳ ಕರಾರುವಾಕ್ಕಾಗಿ ಕೊಡುತ್ತಿತ್ತು. ಅಪ್ಪನಿಗೆ ಹೇಳಿದಾಗ ಆಶ್ಚರ್ಯವೇನೂ ಆಗಲಿಲ್ಲ.

"ತಗಡಿನ ಲೆಕ್ಕಕ್ಕೆ ಕೂತು ಚಿನ್ನದ ಗಟ್ಟಿ ಲೆಕ್ಕ ಆಕಿದ್ದೀಯ ಅನ್ನು."

ತಿದ್ದಿದ ಮೇಲೆ ಲೆಕ್ಕ ಆರೇ ದಿನಕ್ಕೆ ಮುಗಿಯಿತು. ದೀಪಾವಳಿಗೆ ಎರಡು ದಿನ ಮುಂಚೆ ಪ್ರಬಂಧ ಒಪ್ಪಿಸಿದೆ. ಬೆಂಗಳೂರಿನ ನನ್ನ ಗೈಡಿಗೆ ಪೂಜೆ ಪುನಸ್ಕಾರ ಎಂದರೆ ಆಗದು. ಬೈಸಿಕೊಳ್ಳಲು ತಯಾರಾಗಿಯೇ ಫೋನಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ.

"ನಂದೂ ಒಂದು ಲೆಕ್ಕ ಮೂರು ವಾರದಿಂದ ಓಡ್ತಾ ಇದೆಯಮ್ಮ," ಎಂದರು ಗೈಡು. "ನಿಮ್ಮ ತಂದೆ ಈ ಕಡೆ ಬರೋದು ಯಾವಾಗ?"

ಪಕ್ಕದಲ್ಲೇ ಉಂಗುರಕ್ಕೆ ಬೆಸುಗೆ ಹಾಕುತ್ತಿದ್ದ ಅಪ್ಪನನ್ನು ಕೇಳಿದೆ. ಅಪ್ಪ ತಲೆ ಎತ್ತಲಿಲ್ಲ.

"ಭಾನ್ವಾರ ಬತ್ತೀನಿ ಅನ್ನು. ಅಷ್ಟೊತ್ಗೆ ಕಂಪ್ಯೂಟ್ರ ಚೆನ್ನಾಗಿ ತೊಳ್ದು ಮಡಗಿರ್ಲಿ."