ಕಾಡಿನಲ್ಲಿ ನೀರುಗಳ್ಳನನ್ನು ಹಿಡಿಯಲು ಹೋಗಿ

ನನ್ನ ಸೊಸೆ ವಿಜಯಾ ಮತ್ತು ಅವಳ ಗೆಳತಿಯರು ದಿನಾ ಮುಂಜಾನೆ ಸಿಂಧನೂರಿನ ಕಾಲುವೆ ದಂಡೆಯ ಮೇಲೆ ವಾಕಿಂಗ್ ಮಾಡುತ್ತಾರೆ. ಈ ಸಲ ದಾಂಡೇಲಿ ಕಡೆಯ ಕಾಡಿನಲ್ಲಿ ಎರಡು ದಿನ ನಡೆಯುವುದು, ಅಲ್ಲೇ ಮರದ ಕೋಣೆಯಲ್ಲಿ ಉಳಿಯುವುದು ಎಂದು ಗೊತ್ತುಮಾಡಿದರು. ನಡೆಯುವುದಕ್ಕಾಗಿ ಇಡೀ ದಿನ ಬಸ್ಸಿನಲ್ಲಿ ಕೂರಬೇಕಂತೆ! ಇವರ ಬುದ್ಧಿಗೆ ಏನು ಹೇಳಲಿ? ಆದರೂ ನಾನೂ ಬರುತ್ತೇನೆ ಎಂದೆ.

“ಅತ್ತೀ, ನಿಮ್ಮ ಮೊಣಕಾಲು?” ಎಂದಳು ಸೊಸೆ.

“ನಮ್ಮೂರು ವಳಕಮದಿನ್ನಿ ಗದ್ದಿ ಬದುವಿನ ಮ್ಯಾಲ ನಲವತ್ತು ವರ್ಷ ನಡದೀನಿ. ನೀ ಬ್ಯಾಂಕಿನ ಕುರ್ಚಿ ಮ್ಯಾಲ ಕೂತಾಕಿ ನನಗ ನಡಿಯೋದು ಕಲಸ್ತೀಯೇನು?”

“ಆತು, ಬರ್ರಿ. ಆದ್ರ ಯಾರಿಗಾದ್ರೂ ಭಾರ ಆದ್ರಿ ಅಂದ್ರ ಮುಂದಿನ ಸಲ ಮನ್ಯಾಗ ಇರಬೇಕು ನೋಡ್ರಿ.”

ಭಾರ! ನಾನು! ಸಿಟ್ಟಿನಲ್ಲೇ ನಲವತ್ತು ಕಡಕ್ ಸಜ್ಜೆ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಗಂಟು ಕಟ್ಟಿದೆ.

ಬಸ್ಸಿಳಿದ ಮರುದಿನ ಕಾಡಿನಲ್ಲಿ ಒಬ್ಬ ಮೀಸೆಯ ಗೈಡು ಬಂದ. ಎಲ್ಲರೂ ತನ್ನ ಹಿಂದೆಯೇ ಬರಬೇಕು ಎಂದು ಅಪ್ಪಣೆ ಮಾಡಿದ. ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು, ಹಕ್ಕಿ ತೋರಿಸುವುದು. ಒಂದು ಹಕ್ಕಿಗಾಗಿ ಎಂಟು ಜನ ಹೆಂಗಸರು ಬಾಯಿ ತೆರೆದು ನಿಂತರು. ಅದೇ ಹಕ್ಕಿ ನಮ್ಮ ಭತ್ತಕ್ಕೆ ಬಂದಿದ್ದರೆ ಡಬ್ಬಿ ಬಡಿದು ಓಡಿಸುತ್ತಿದ್ದೆವು!

ನನಗೆ ತಡೆಯಲಾಗಲಿಲ್ಲ. ರೊಟ್ಟಿ ಗಂಟು ಹೆಗಲಿಗೇರಿಸಿ, ನಮ್ಮ ಜೊತೆ ಬಂದಿದ್ದ ಪಕ್ಕದ ಮನೆಯ ನೀಲಮ್ಮನ ಕೈ ಹಿಡಿದು ಮುಂದೆ ನಡೆದುಬಿಟ್ಟೆ. ದಾರಿ ಕವಲೊಡೆದಲ್ಲಿ ಒಂದು ಬೋರ್ಡು ಇತ್ತು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ‘ದಾರಿ’ ಎಂದು ಓದಿದೆ. ಅಷ್ಟು ಸಾಕಾಯಿತು. ಅದರ ಮುಂದೆ ‘ಇಲ್ಲ’ ಎಂದೂ ಬರೆದಿತ್ತಂತೆ!

ಸ್ವಲ್ಪ ಹೊತ್ತಿಗೆ ಕಾಲುದಾರಿ ಮುಗಿದು ಒಂದು ಹಳ್ಳ ಮಾತ್ರ ಉಳಿಯಿತು.

“ಯಕ್ಕಾ, ದಾರಿ ತಪ್ಪೀವಿ,” ಎಂದು ನೀಲಮ್ಮ ಅಳಲು ಶುರುಮಾಡಿದಳು.

“ಅಳಬ್ಯಾಡ ಸುಮ್ನಿರು. ಕಾಲುವಿ ಹಿಡಿದು ಹೋದ್ರ ಊರು ಬರದ ಇರತೈತೇನು? ನೀರಿನ ಹಿಂದ ನಡಿ.”

ನಮ್ಮಲ್ಲಿ ಇದು ಇವತ್ತಿನವರೆಗೆ ಸುಳ್ಳಾಗಿಲ್ಲ. ನಡೆದೆವು. ಒಂದು ಕಲ್ಲುಗುಂಡಿನ ರಾಶಿಯ ಹತ್ತಿರ ಬಂದರೆ, ಹಿಂದೆ ನೀರಿದೆ, ಮುಂದೆ ಹನಿಯೂ ಇಲ್ಲ!

ನನ್ನ ತಲೆ ಕಾದುಹೋಯಿತು. ನಮ್ಮ ಹೊಲ ಕಾಲುವೆಯ ಕೊನೆಗಿದೆ. ಮೇಲಿನವರು ಕದ್ದು ಪೈಪು ಹಾಕಿ ನೀರೆಳೆದು, ನಮ್ಮ ಭತ್ತ ಒಣಗಿಸಿದ್ದನ್ನು ಜನ್ಮವಿಡೀ ನೋಡಿದ್ದೇನೆ.

“ನೋಡಲೇ ನೀಲೀ, ಇಲ್ಲೂ ಪೈಪು ಇಳಿಸ್ಯಾರ!”

“ಕಾಡಿನಾಗ ಯಾರ ಹೊಲ ಐತಿ ಯಕ್ಕಾ?”

ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹೊಳೆಯುವಷ್ಟು ಪುರಸೊತ್ತೂ ಇರಲಿಲ್ಲ. ಪೈಪು ಹುಡುಕಲು ಕಲ್ಲಿನ ಸಂದಿಗೆ ಕಾಲು ಇಳಿಸಿದೆ. ಕಾಲು ಹೋಯಿತು. ಮೊಣಕಾಲು ಕಟ್ ಎಂದಿತು. ಕಾಲು ವಾಪಸು ಬರಲಿಲ್ಲ!

“ಕಳ್ಳ ನನ್ ಮಗನೇ! ಹೊರಗ ಬಾ!” ಎಂದು ಕೂಗಿದೆ. ಕಾಡೆಲ್ಲಾ ಕೂಗಿತು. ಬೈದು ಬೈದು ಗಂಟಲು ಒಣಗುವ ಹೊತ್ತಿಗೆ ಗೈಡೂ ಸೊಸೆಯೂ ಆ ಕೂಗಿನ ಜಾಡು ಹಿಡಿದು ಏದುಸಿರು ಬಿಡುತ್ತಾ ಬಂದರು. ಸೊಸೆಯ ಕೈಯಲ್ಲಿ ಬಡಿಗೆ ಇತ್ತು. ಮುಖ ಬಿಳಿಚಿಕೊಂಡಿತ್ತು.

“ಎಲ್ಲಿ ಅತ್ತೀ ಕಳ್ಳ?”

ನಾನು ಕಲ್ಲಿನ ಸಂದಿ ತೋರಿಸಿದೆ.

ಗೈಡು ಬಗ್ಗಿ ನೋಡಿ, “ಅಜ್ಜಿ, ಇಲ್ಲಿ ನೀರು ತಾನಾಗೇ ನೆಲದೊಳಗೆ ಹೋಗ್ತದೆ. ಇನ್ನೊಂದು ಕಾಲು ಮೈಲಿ ನಡೆದಿದ್ರೆ ದೊಡ್ಡ ಕಮರಿ ಇತ್ತು,” ಎಂದ.

ನೆಲವೇ ನೀರು ಕುಡಿದರೆ ಯಾರನ್ನು ಬೈಯಬೇಕು? ಅವನನ್ನೇ ಬೈದೆ. ಅವನು ಪಾಪ, ನನ್ನ ಕಾಲು ಎಳೆದು ತೆಗೆದ. ಹೆಜ್ಜೆ ಇಡಲು ಆಗಲಿಲ್ಲ. ಬೆನ್ನು ಕೊಟ್ಟು ಕುಳಿತ. ಹತ್ತಿದೆ.

ಸೊಸೆ ಬಡಿಗೆ ಊರುತ್ತಾ ಹಿಂದೆ ಬಂದಳು. ಬೈದಿದ್ದರೆ ಜಗಳವಾದರೂ ಮಾಡುತ್ತಿದ್ದೆ! ಕೊನೆಗೆ ನಾನೇ ಕೆಣಕಿದೆ.

“ನಾ ಭಾರ ಆದೆ ಅಂತ ಅನ್ನಾಕತ್ತೀಯೇನು ಮನಸಿನಾಗ?”

“ನನ್ನ ಯಾಕ ಕೇಳ್ತೀರಿ? ಹೊತ್ತಾರಲ್ಲ, ಅವರನ್ನ ಕೇಳ್ರಿ.”

ಗೈಡು ಮೀಸೆಯ ತುದಿಯಿಂದ ಬೆವರು ಸುರಿಸುತ್ತಾ, “ಅಜ್ಜಿ, ಆ ರೊಟ್ಟಿ ಗಂಟನ್ನಾದರೂ ಅವರ ಕೈಗೆ ಕೊಡಿ,” ಎಂದ.

ಕೊಟ್ಟೆ. ಆದರೂ ಸುಮ್ಮನೆ ಕೂರಲಾಗಲಿಲ್ಲ. ಕವಲು ಬಂದಾಗ ಬೆನ್ನ ಮೇಲಿಂದಲೇ ಕೈ ಚಾಚಿ, “ಎಡಕ್ಕ ಹೋಗು,” ಎಂದು ದಾರಿ ತೋರಿಸಿದೆ.

ಅವನು ಬಲಕ್ಕೆ ಹೋದ.

ನಮ್ಮ ಕೋಣೆ ಬಲಕ್ಕೇ ಇತ್ತು.